ಹಲ್ಲಿನ ಡಾಕ್ಟರ ಕುರ್ಚಿಗೆ ಜಾಗ

ಜೂನ್ ೩, ಮಂಗಳವಾರ

ರಾತ್ರಿ ಎಂಟು ಗಂಟೆ. ಅಂಗಡಿಗೆ ಇವತ್ತು ಎರಡು ತಕ್ಕಡಿ ಬಂದವು. ತರಕಾರಿಯವಳದು ಸರಪಳಿ ಸವೆದಿತ್ತು, ಬದಲಾಯಿಸಿದೆ. ಬೇಕರಿಯವನದು ಸ್ಪ್ರಿಂಗ್ ತಕ್ಕಡಿ. ಅದರ ಮುಳ್ಳು ಸೊನ್ನೆಗೆ ಬರುವುದೇ ಇಲ್ಲ. ತಟ್ಟೆ ಖಾಲಿ ಇದ್ದರೂ ಏನೋ ಇದೆ ಎನ್ನುತ್ತದೆ. ಬಿಚ್ಚಿ ಒರೆಸಿ ಮತ್ತೆ ಕೂಡಿಸಿದೆ. ಹಾಗೆಯೇ ಇದೆ.

ಹೊಲಿಗೆ ಕೋಣೆಯ ಬಾಗಿಲನ್ನು ನಾನಿನ್ನೂ ತೆಗೆದಿಲ್ಲ. ಆವತ್ತು ನನ್ನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವಳು, "ಗಂಟಲು ಒಣಗಿತು, ನೀರು ಕುಡಿದು ಬರ್ತೀನಿ ರೀ" ಎಂದು ಎದ್ದು ಅಡಿಗೆಮನೆಗೆ ಹೋದಳು. ಅಲ್ಲೇ ಬಿದ್ದಳು. ಅಷ್ಟೇ. ಎಲ್ಲ ಮುಗಿದ ಮೇಲೆ ಆ ಬಾಗಿಲನ್ನು ಎಳೆದು ಚಿಲಕ ಹಾಕಿದೆ. ಸೂಜಿ ಬಟ್ಟೆಯೊಳಗೆ ಇಳಿದೇ ಇದೆ. ಅದನ್ನು ಯಾರೂ ಎತ್ತಬಾರದು. ಎತ್ತಿದರೆ ಅವಳು ಹೊಲಿಗೆ ಮುಗಿಸಿ ಎದ್ದ ಹಾಗಾಗುತ್ತದೆ. ಈಗ ನೀರು ಕುಡಿಯಲು ಹೋಗಿದ್ದಾಳೆ, ಅಷ್ಟೇ.

ಕೆಳಗಿನ ಮನೆಯಲ್ಲಿರುವ ಅಕ್ಕ ಸಂಜೆ ಮೆಟ್ಟಿಲು ಹತ್ತಿ ಬಂದಳು.

"ಏನೋ, ಗೋಡೆ ನೋಡ್ತಾ ಕೂತ್ರೆ ಅದರ ಬಣ್ಣ ಬದಲಾಗುತ್ತಾ? ಎದ್ದೇಳು. ಶರ್ಟು ಹಾಕ್ಕೋ. ಸತ್ಸಂಗಕ್ಕೆ ಹೋಗೋಣ."

"ನಾನು ಬರಲ್ಲಕ್ಕ."

"ಬರ್ತೀಯ."

ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹೋದೆ.

ಸತ್ಸಂಗ ನಡೆಯುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಗೋಡೆಯ ಮೇಲೆ ದೇವರ ಪಟ, ಅದರ ಪಕ್ಕದಲ್ಲೇ ಹುಳುಕು ಹಲ್ಲಿನ ದೊಡ್ಡ ಚಿತ್ರ. ಭಜನೆ ಹೇಳುವಾಗ ಕಣ್ಣು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ. ಡಾಕ್ಟರೇ ಪ್ರವಚನ ಮಾಡುತ್ತಾರೆ. ಇವತ್ತಿನ ವಿಷಯ ದಾನ. "ಬೇಡದ್ದನ್ನ ಕೊಡೋದು ಕಸ ಗುಡಿಸಿದ ಹಾಗೆ. ನೋವಿಲ್ಲದೆ ಉದುರಿದ್ದು ಹಾಲುಹಲ್ಲು. ದಾನ ಅಂದ್ರೆ ದವಡೆ ಹಲ್ಲು ಕಿತ್ತ ಹಾಗೆ ಇರಬೇಕು" ಎಂದರು. ಎಲ್ಲರೂ ದವಡೆ ಮುಟ್ಟಿಕೊಂಡರು.

ಅವರಿಗೊಂದು ತೊಂದರೆ ಬಂದಿದೆಯಂತೆ. ಕೊಡುವವರು ಇದ್ದಾರೆ, ತೆಗೆದುಕೊಳ್ಳುವವರು ಸಿಗುತ್ತಿಲ್ಲ. ವೃದ್ಧಾಶ್ರಮದವರು ಕಂಬಳಿಗಳನ್ನೆಲ್ಲ ವಾಪಸ್ ಕಳಿಸಿದ್ದಾರೆ. ಒಬ್ಬೊಬ್ಬ ಅಜ್ಜನ ಮೇಲೂ ಕಂಬಳಿ ಪೇರಿಸಿ ಪೇರಿಸಿ, ಒಳಗೆ ಅಜ್ಜ ಇದ್ದಾನೋ ಇಲ್ಲವೋ ಎಂದು ಎತ್ತಿ ನೋಡಬೇಕಾಗಿತ್ತಂತೆ.

ಕೊನೆಗೆ ಡಾಕ್ಟರು ಹೊಸಬನಾದ ನನ್ನ ಕಡೆ ತಿರುಗಿ, "ನಿಮಗೆ ಏನಾದ್ರೂ ಬೇಕಾ?" ಎಂದು ಕೇಳಿದರು. ಬಹುಶಃ ಚಹಾ ಬೇಕೇ ಎಂದು ಕೇಳಿದ್ದಿರಬೇಕು.

"ಏನೂ ಬೇಡ" ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ನನಗೆ ಚಹಾ ಕೂಡ ಸಿಗಲಿಲ್ಲ.

ನಾಳೆ ಬೇಕರಿಯವನು ಬರುತ್ತಾನೆ.

ಜೂನ್ ೧೦, ಮಂಗಳವಾರ

ಸಂಜೆ ಏಳೂವರೆ. ಬೇಕರಿಯವನು ಮತ್ತೆ ಬಂದು ಕೂಗಾಡಿದ. "ಖಾಲಿ ತಟ್ಟೆಗೆ ಗಿರಾಕಿ ದುಡ್ಡು ಕೊಡ್ತಾನೇನ್ರೀ?" ಎಂದ. ನ್ಯಾಯವಾದ ಮಾತು.

ಸತ್ಸಂಗದಲ್ಲಿ ನನ್ನನ್ನು ಪಾತ್ರನನ್ನಾಗಿ ಆರಿಸಿದರು. ದಾನಕ್ಕೆ ಸತ್ಪಾತ್ರ ಬೇಕಲ್ಲ, ಆ ಪಾತ್ರ. ಬೇಕು ಎನ್ನುವವರಿಗೆ ಯಾರು ಬೇಕಾದರೂ ಕೊಟ್ಟಾರು, ಏನೂ ಬೇಡ ಎನ್ನುವವನು ಸಿಗುವುದು ಈ ಕಾಲದಲ್ಲಿ ಅಪರೂಪ ಎಂದರು ಡಾಕ್ಟರು. ನಾನು ಬೇಡ ಎಂದೆ. "ನೋಡಿದ್ರಾ?" ಎಂದು ಅವರು ಎಲ್ಲರ ಕಡೆ ತಿರುಗಿದರು. ಇನ್ನೂ ಗಟ್ಟಿಯಾಗಿ ಬೇಡ ಎಂದೆ. ಮುಂದೆ ಕುಳಿತಿದ್ದ ಸಂಗೀತದ ಟೀಚರ ಕಣ್ಣಲ್ಲಿ ನೀರು ಬಂತು.

ನಿಯಮ ಇಷ್ಟು. ಕೊಡುವವರು ತಮಗೆ ತುಂಬ ಪ್ರೀತಿಯ ವಸ್ತುವನ್ನೇ ಕೊಡಬೇಕು. ಕೊಟ್ಟದ್ದನ್ನು ವಾಪಸ್ ಪಡೆಯುವ ಹಾಗಿಲ್ಲ. ಪಾತ್ರನಾದವನು ಒಲ್ಲೆ ಎನ್ನುವ ಹಾಗಿಲ್ಲ, ಮಾರುವ ಹಾಗಿಲ್ಲ, ಬೇರೆಯವರಿಗೆ ದಾಟಿಸುವ ಹಾಗಿಲ್ಲ, ತಾನು ಯಾರಿಗೂ ದಾನ ಕೊಡುವ ಹಾಗೂ ಇಲ್ಲ.

"ಇವನಿಗೆ ಇಷ್ಟು ನೆಮ್ಮದಿಯಾದ ಕೆಲಸ ಎಲ್ಲಿ ಸಿಗುತ್ತೆ? ಸುಮ್ನೆ ಇಟ್ಕೊಳ್ಳೋದು" ಎಂದಳು ಅಕ್ಕ.

ನಾಳೆ ಅಂಗಡಿಗೆ ಬೇಗ ಹೋಗಿಬಿಡುತ್ತೇನೆ.

ಜೂನ್ ೧೨, ಗುರುವಾರ

ಸಂಜೆ ಏಳು. ಬೇಗ ಹೋದರೂ ಪ್ರಯೋಜನವಾಗಲಿಲ್ಲ. ಸಂಜೆ ಬಂದಾಗ ಮೆಟ್ಟಿಲ ಮೇಲೆ ಸಂಗೀತದ ಟೀಚರು ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರ ತಂದೆಯ ಕಾಲದ್ದಂತೆ. ಒಳಗೆ ತಂದು ನನ್ನ ಹಾಸಿಗೆಯ ಪಕ್ಕ ಇಟ್ಟೆವು.

"ಧೂಳು ಕೂರುತ್ತೆ. ಇದಕ್ಕೆ ಗವಸು ಇಲ್ವಾ?" ಎಂದು ಕೇಳಿದೆ.

"ಹೊಲಿಯೋಕೆ ಕೊಟ್ಟಿದ್ದೆ" ಎಂದರು. ಆಮೇಲೆ ಸುಮ್ಮನೆ ಗೋಡೆ ನೋಡಿದರು. ಸಂಗೀತದವರು, ಏನೋ ರಾಗ ನೆನಪಾಗಿರಬೇಕು.

ಜೂನ್ ೧೫, ಭಾನುವಾರ

ಸಂಜೆ ಆರು. ರಜೆ. ಮಲಗೋಣ ಎಂದುಕೊಂಡಿದ್ದೆ.

ನಿವೃತ್ತ ಬಸ್ ಕಂಡಕ್ಟರು ತಮ್ಮ ಪೀಪಿ ದಾನ ಕೊಟ್ಟರು. ಕೆಲಸ ಬಿಟ್ಟ ದಿನ ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಇದೊಂದನ್ನು ಮಾತ್ರ ಕಿಸೆಯಲ್ಲಿ ಇಟ್ಟುಕೊಂಡು ಬಂದಿದ್ದರಂತೆ. ಕೊಡುವ ಮುಂಚೆ ಹೇಗೆ ಊದಬೇಕೆಂದು ಹೇಳಿಕೊಟ್ಟರು. ಒಂದು ಸಲ ಊದಿದರೆ ನಿಲ್ಲಿಸು, ಯಾರೋ ಹತ್ತುವವರಿದ್ದಾರೆ. ಎರಡು ಸಲ ಊದಿದರೆ ಹೊರಡು.

"ನಾನು ತಕ್ಕಡಿ ರಿಪೇರಿಯವನು, ಎಲ್ಲಿ ಊದಲಿ?"

"ನಿಮ್ಮ ಪೀಪಿ, ನಿಮ್ಮ ಬಾಯಿ. ನಾನ್ಯಾಕೆ ಹೇಳಲಿ" ಎಂದು ಬೇಗ ಬೇಗ ಇಳಿದು ಹೋದರು. ಕೆಳಗೆ ಮೂಗು ಎಳೆದುಕೊಳ್ಳುವುದು ಕೇಳಿಸಿತು.

ಮಧ್ಯಾಹ್ನ ಔಷಧಿ ಅಂಗಡಿಯವರು ತಮ್ಮ ನಾಯಿ ತಂದರು. ಹೆಸರು ದೊರೆ. ಮುದಿ ನಾಯಿ, ಒಂದು ಕಿವಿ ನಿಲ್ಲುವುದಿಲ್ಲ. "ಜೀವ ಇರೋದನ್ನ ಕೊಡಬಹುದಾ ಅಂತ ಡಾಕ್ಟರನ್ನ ಕೇಳಿದೆ. ನೋವಾಗುತ್ತಾ ಅಂದ್ರು. ತುಂಬಾ ಅಂದೆ. ಹಾಗಾದ್ರೆ ಕೊಡಿ ಅಂದ್ರು" ಎಂದು ಹೇಳಿ ಹಗ್ಗ ನನ್ನ ಕೈಗಿತ್ತರು.

ದೊರೆ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಕದ ತೆರೆದಿತ್ತು. ಎದ್ದು ಅವರ ಹಿಂದೆಯೇ ಹೊರಟುಹೋಯಿತು.

ಜೂನ್ ೧೭, ಮಂಗಳವಾರ

ರಾತ್ರಿ ಎಂಟು. ದಿನಾ ಇದೇ ಕಥೆಯಾಗಿದೆ. ಬೆಳಿಗ್ಗೆ ಔಷಧಿ ಅಂಗಡಿಯವರು ದೊರೆಯನ್ನು ತಂದು ಬಿಡುತ್ತಾರೆ, ಸಂಜೆ ಅದು ನಡೆದು ಅವರ ಮನೆಗೆ ಹೋಗುತ್ತದೆ, ಬೆಳಿಗ್ಗೆ ಮತ್ತೆ ತರುತ್ತಾರೆ. "ನಿಮ್ಮ ನಾಯಿ ನಮ್ಮನೇಲಿ ಬಂದು ಮಲಗಿತ್ತು, ಕ್ಷಮಿಸಿ" ಎನ್ನುತ್ತಾರೆ. ಹಗಲು ಅಂಗಡಿಯಲ್ಲಿ ನನ್ನ ಪಕ್ಕ ಮಲಗಿರುತ್ತದೆ. ತೂಕದ ಬಟ್ಟುಗಳನ್ನು ನೆಕ್ಕುತ್ತದೆ.

ಅಕ್ಕನೂ ಇವತ್ತು ದಾನ ಮಾಡಿದಳು. ವಸ್ತು ಯಾವುದೂ ಅಷ್ಟು ಪ್ರೀತಿಯದಿಲ್ಲವಂತೆ. ಯೋಚಿಸಿ ಯೋಚಿಸಿ, ಎಲ್ಲರ ಎದುರು ಎದ್ದು ನಿಂತು, "ಜಗಳದಲ್ಲಿ ಕೊನೇ ಮಾತು ಯಾವಾಗಲೂ ನಂದು. ಅದನ್ನ ನನ್ನ ತಮ್ಮನಿಗೆ ಕೊಟ್ಟಿದ್ದೀನಿ" ಎಂದಳು. ಡಾಕ್ಟರು ಮೆಚ್ಚಿಕೊಂಡರು. ಹಿಂತಿರುಗುವಾಗ ದಾರಿಯಲ್ಲಿ ನಾನು, "ಇದನ್ನ ನೀನು ನಡೆಸೋದು ನಂಬೋಕಾಗಲ್ಲ" ಎಂದೆ.

"ನಡೆಸ್ತೀನಿ."

"ಆಗಲ್ಲ."

"ಆಗುತ್ತೆ. ಗೊತ್ತಾಯ್ತಾ?"

ನಾನು ಸುಮ್ಮನಾದೆ. ಮನೆ ಬಂದ ಮೇಲೆ ಅವಳಿಗೇ ಹೊಳೆದು ಹಣೆ ಚಚ್ಚಿಕೊಂಡಳು.

ಜೂನ್ ೨೪, ಮಂಗಳವಾರ

ರಾತ್ರಿ ಎಂಟೂವರೆ. ಕೈ ನೋಯುತ್ತಿದೆ. ಲೋಟ ತೊಳೆದು ತೊಳೆದು.

ಕೊಟ್ಟವರೆಲ್ಲ ದಿನಾ ಬರುತ್ತಾರೆ. ಕೊಟ್ಟದ್ದರ ಮೇಲಿನ ಆಸೆಯಿಂದಲ್ಲವಂತೆ, ಹೇಗಿದೆ ಎಂದು ನೋಡಿ ಹೋಗಲು. ಟೀಚರು ಐದೂವರೆಗೆ ಬಂದು, "ನಿಮ್ಮ ಹಾರ್ಮೋನಿಯಂ ನಾನು ಮುಟ್ಟಬಹುದಾ?" ಎಂದು ಕೇಳುತ್ತಾರೆ. ಕಂಡಕ್ಟರು ಆರಕ್ಕೆ ಸರಿಯಾಗಿ ಬಂದು, "ತುಕ್ಕು ಹಿಡಿದಿದೆಯೇನೋ ನೋಡ್ತೀನಿ" ಎಂದು ಪೀಪಿ ಒಂದು ಸಲ ಊದುತ್ತಾರೆ. ಕೆಳಗಿನ ಬೀದಿಯಲ್ಲಿ ಒಂದೆರಡು ಗಾಡಿ ನಿಲ್ಲುತ್ತವೆ. ದೊರೆಯನ್ನು ಕರೆದೊಯ್ಯಲು ಅಲ್ಲ, ಅದು ಹೋಗುವಾಗ ಜೊತೆಗಿರಲೆಂದು ಔಷಧಿ ಅಂಗಡಿಯವರು ಬರುತ್ತಾರೆ. ಡಾಕ್ಟರು ಇನ್ನೂ ಏನೂ ಕೊಟ್ಟಿಲ್ಲ. ಆದರೂ ಪಾತ್ರ ಹೇಗಿದ್ದಾನೆಂದು ನೋಡಲು ಬರುತ್ತಾರೆ. ಎಲ್ಲರೂ ಬಂದ ಮೇಲೆ ಹಾಡದೆ ಹೇಗಿರುವುದು? ಹಾಡುತ್ತಾರೆ. ಹಾಡಿದ ಮೇಲೆ ಎರಡು ಮಾತು ಒಳ್ಳೆಯದು ಆಡುತ್ತಾರೆ, ನಾಲ್ಕು ಮಾತು ಪಕ್ಕದ ಮನೆಯವರದ್ದು.

ಬಂದವರಿಗೆ ಚಹಾ ಕೊಡದೆ ಆಗುತ್ತದೆಯೇ? ಒಂದು ದಿನ ಡಾಕ್ಟರು ಲೋಟ ಹಿಡಿದು ತಡೆದರು. "ಪಾತ್ರ ಕೊಡೋ ಹಾಗಿಲ್ಲ. ಇದು ದಾನ ಆಗಿಬಿಡುತ್ತೋ ಏನೋ."

"ಇದು ದಾನ ಅಲ್ಲ ಡಾಕ್ಟ್ರೇ, ಚಹಾ" ಎಂದೆ.

ಅವರು ಸ್ವಲ್ಪ ಯೋಚಿಸಿ ಕುಡಿದರು. "ಸಕ್ಕರೆ ಕಡಿಮೆ ಮಾಡಿ. ಹಲ್ಲಿಗೆ ಒಳ್ಳೇದಲ್ಲ" ಎಂದು ಇನ್ನೊಂದು ಲೋಟ ಕೇಳಿದರು.

ಟೀಚರು ಮಾತ್ರ ಹಾಡುವಾಗ ಯಾವಾಗಲೂ ಹೊಲಿಗೆ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಗಾಳಿ ಬರುವುದಿಲ್ಲ. ಹೇಳಿದರೂ ಜಾಗ ಬದಲಿಸುವುದಿಲ್ಲ.

ಈ ಗಲಾಟೆಯಲ್ಲಿ ನನಗೆ ಒಂದು ನಿಮಿಷವೂ ದುಃಖಪಡಲು ಬಿಡುವಿಲ್ಲ. ಸಕ್ಕರೆ ಮುಗಿದಿದೆ. ದೊರೆಗೆ ಬಿಸ್ಕತ್ತೂ ಮುಗಿದಿದೆ. ಟೀಚರಿಗೆ ಕೆಮ್ಮು, ಶುಂಠಿ ತರಬೇಕು.

ಜುಲೈ ೬, ಭಾನುವಾರ

ಸಂಜೆ ಐದು. ಬೆಳಿಗ್ಗೆಯಿಂದ ಕೂರಲು ಜಾಗವಿಲ್ಲ. ಅಂದರೆ ಕುರ್ಚಿ ಇದೆ.

ಡಾಕ್ಟರು ಹಲ್ಲು ಕೀಳುವ ತಮ್ಮ ಕುರ್ಚಿ ದಾನ ಕೊಟ್ಟಿದ್ದಾರೆ. ಅವರು ಮೊಟ್ಟಮೊದಲು ಕೊಂಡದ್ದು. ಅದೇ ಕುರ್ಚಿಯಲ್ಲಿ ಅವರ ಹೆಂಡತಿಯ ಹಲ್ಲು ಕಿತ್ತು, ಆಮೇಲೆ ಮದುವೆಯಾದರಂತೆ. ಕಾಲಲ್ಲಿ ಒತ್ತಿದರೆ ಏರುತ್ತದೆ, ತಲೆಯ ಮೇಲೆ ದೀಪ, ಪಕ್ಕದಲ್ಲಿ ಉಗುಳುವ ಬಟ್ಟಲು. ಹಮಾಲರು ನಾಲ್ಕು ಜನ ಹೊತ್ತು ತಂದರು. ಹಾಲ್‌ಗೆ ಹಿಡಿಸಲಿಲ್ಲ. ಅಡಿಗೆಮನೆಗೆ ಹೋಗುವ ಓಣಿಯ ಬಾಯಲ್ಲಿ, ಹೊಲಿಗೆ ಕೋಣೆಯ ಬಾಗಿಲ ಎದುರಿಗೇ ಸಿಕ್ಕಿಕೊಂಡಿತು. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಹಮಾಲರು ಬೆವರು ಒರೆಸಿಕೊಂಡು ಹೊರಟುಹೋದರು.

ಈಗ ನೀರು ಕುಡಿಯಬೇಕೆಂದರೆ ಕುರ್ಚಿ ಹತ್ತಿ, ಮಲಗಿ, ಆ ಕಡೆ ಇಳಿಯಬೇಕು. ಡಾಕ್ಟರು ಪಕ್ಕದಲ್ಲಿ ನಿಂತು, "ಆರಾಮಾಗಿ ಒರಗಿ, ಹೆದರಬೇಡಿ" ಎನ್ನುತ್ತಿದ್ದರು.

ಜುಲೈ ೮, ಮಂಗಳವಾರ

ಸಂಜೆ ಏಳು. ಇವತ್ತು ಆದದ್ದನ್ನು ಬರೆಯಲು ಮನಸ್ಸಿಲ್ಲ, ಬರೆಯುತ್ತೇನೆ.

ಚಹಾ ತಟ್ಟೆ ಹಿಡಿದು ಕುರ್ಚಿ ದಾಟುವಾಗ ಬಿದ್ದೆ. ಲೋಟ ಒಡೆದವು. ಡಾಕ್ಟರಿಗೆ ತುಂಬ ಬೇಜಾರಾಯಿತು. ಅಳತೆ ಟೇಪು ತೆಗೆದು ಓಣಿ ಅಳೆದರು, ಆಮೇಲೆ ಹೊಲಿಗೆ ಕೋಣೆಯ ಬಾಗಿಲು ಅಳೆದರು. "ಇಲ್ಲಿ ಹಿಡಿಸುತ್ತೆ ನೋಡಿ! ತಿರುಗಿಸೋದೂ ಬೇಡ." ಕಂಡಕ್ಟರು, "ರೈಟ್, ರೈಟ್" ಎನ್ನುತ್ತ ಚಿಲಕಕ್ಕೆ ಕೈ ಹಾಕಿದರು.

ನಾನು ಕಿರುಚಿದೆ. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ಧ್ವನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. "ಮುಟ್ಟಬೇಡಿ! ಅವಳು ಹೊಲಿಗೆ ಮುಗಿಸಿಲ್ಲ! ಎಲ್ಲರೂ ಹೋಗಿ! ನನಗೆ ಏನೂ ಬೇಡ ಅಂತ ಮೊದಲೇ ಹೇಳಿದ್ದೆ!"

ಈ ಸಲ ಯಾರೂ ಸಂತೋಷಪಡಲಿಲ್ಲ. ಟೀಚರು ಬಾಯಿಗೆ ಸೆರಗು ಹಿಡಿದು ಎಲ್ಲರಿಗಿಂತ ಮೊದಲು ಇಳಿದು ಹೋದರು. ದೊರೆಯೂ ಹೋಯಿತು.

ಅಕ್ಕ ಬಾಗಿಲಲ್ಲಿ ನಿಂತು ಬಾಯಿ ತೆರೆದಳು. ಬೈಯುತ್ತಾಳೆ ಎಂದು ಕಾದೆ. ಬಾಯಿ ಮುಚ್ಚಿಕೊಂಡಳು. ಕೆಳಗೆ ಹೋದಳು. ಕೊನೆಯ ಮಾತು ನನ್ನದೇ ಆಯಿತು.

ಜುಲೈ ೯, ಬುಧವಾರ

ಏಳು ಗಂಟೆ. ಯಾರೂ ಬರಲಿಲ್ಲ. ಒಳ್ಳೆಯದೇ ಆಯಿತು.

ಜುಲೈ ೧೧, ಶುಕ್ರವಾರ

ಸಕ್ಕರೆ ಹಾಗೇ ಇದೆ.

ಜುಲೈ ೧೩, ಭಾನುವಾರ

ಸಂಜೆ ನಾಲ್ಕು. ನೀರು ಕುಡಿಯಲು ಕುರ್ಚಿ ಹತ್ತಿದೆ. ಅರ್ಧ ದಾರಿಯಲ್ಲಿ ಇಳಿಯಲು ಬೇಸರವಾಗಿ ಅಲ್ಲೇ ಒರಗಿದೆ. ಮೆತ್ತಗಿದೆ. ಜನ ಇದಕ್ಕೆ ಯಾಕೆ ಹೆದರುತ್ತಾರೋ.

ಸುಮ್ಮನೆ ಇರಲಾರದೆ ಕೊಡೆಯ ತುದಿಯಿಂದ ಕೆಳಗಿನ ಪೆಡಲ್ ಒತ್ತಿದೆ. ಕುರ್ಚಿ ಏರಿತು. ಮತ್ತೆ ಒತ್ತಿದೆ. ಏರುತ್ತ ಏರುತ್ತ ಹೊಲಿಗೆ ಕೋಣೆಯ ಬಾಗಿಲ ಮೇಲಿನ ಗಾಜಿನ ಮಟ್ಟಕ್ಕೆ ಬಂದೆ. ಮಂಡಿಯೂರಿ ನಿಂತರೆ ಒಳಗೆ ಕಾಣುತ್ತದೆ. ಕತ್ತಲೆ. ಡಾಕ್ಟರ ದೀಪದ ತಂತಿಯನ್ನು ಹಮಾಲರು ಬಿಡಿಸಿರಲಿಲ್ಲ, ಪ್ಲಗ್ಗಿಗೆ ಎಟುಕಿತು. ದೀಪ ಹೊತ್ತಿಸಿ ಗಾಜಿನ ಕಡೆ ತಿರುಗಿಸಿದೆ. ಬಾಯೊಳಗೆ ಬೆಳಕು ಬಿಟ್ಟ ಹಾಗೆ ಕೋಣೆ ಪೂರ್ತಿ ಕಂಡಿತು.

ಯಂತ್ರ ಇದೆ. ಸ್ಟೂಲು ಸ್ವಲ್ಪ ಓರೆಯಾಗಿ, ಅವಳು ಸರಿಸಿ ಎದ್ದ ಹಾಗೆಯೇ ಇದೆ. ಸೂಜಿಯ ಕೆಳಗೆ ನೀಲಿ ಬಟ್ಟೆ. ಅದರ ಮೇಲೆ ಸೂಜಿಯ ಸುತ್ತ ಕಂದು ಕಲೆ. ನೋಡಿದ ಕೂಡಲೇ ಗೊತ್ತಾಯಿತು, ಕಬ್ಬಿಣದ ಜೊತೆಯೇ ಬದುಕಿದವನು ನಾನು. ಸೂಜಿಗೆ ತುಕ್ಕು ಹಿಡಿದು ಬಟ್ಟೆಗೆ ಇಳಿಯುತ್ತಿದೆ.

ಅವಳು ಗಿರಾಕಿಯ ಬಟ್ಟೆಗೆ ಒಂದು ಹನಿ ಎಣ್ಣೆ ಬೀಳಲೂ ಬಿಟ್ಟವಳಲ್ಲ. ನೀರು ಕುಡಿದು ಬಂದು ಇದನ್ನು ನೋಡಿದರೆ, "ಮನೇಲೇ ಇದ್ರಲ್ಲ, ಅಷ್ಟೂ ನೋಡ್ಕೊಳ್ಳೋಕಾಗಲಿಲ್ವಾ?" ಎನ್ನುತ್ತಿದ್ದಳು.

ಇಳಿಯುವುದು ಹೇಗೆಂದು ಗೊತ್ತಾಗದೆ ಬಹಳ ಹೊತ್ತು ಮೇಲೆಯೇ ಇದ್ದೆ.

ಜುಲೈ ೧೪, ಸೋಮವಾರ

ರಾತ್ರಿ ಎಂಟೂವರೆ. ಬೆಳಿಗ್ಗೆ ಬೇಕರಿಯವನ ತಕ್ಕಡಿ ಸರಿಹೋಯಿತು. ಕೆಟ್ಟೇ ಇರಲಿಲ್ಲ. ತಟ್ಟೆ ಬೇರೆ ಯಾವುದೋ ತಕ್ಕಡಿಯದು, ಭಾರದ್ದು. ಮುಳ್ಳು ಇಷ್ಟು ದಿನ ನಿಜವನ್ನೇ ಹೇಳುತ್ತಿತ್ತು. ಮೊದಲ ದಿನವೇ ಕಾಣಬೇಕಿತ್ತು.

ಸಂಜೆ ಆರಾಯಿತು. ಅಭ್ಯಾಸಬಲ, ಕಿವಿ ಪೀಪಿಗೆ ಕಾಯುತ್ತಿತ್ತು. ಯಾರೂ ಊದಲಿಲ್ಲ. ಪೀಪಿ ನನ್ನದೇ ತಾನೇ, ತುಕ್ಕು ಹಿಡಿದಿದೆಯೇನೋ ನೋಡೋಣ ಎಂದು ಕಿಟಕಿಯ ಹತ್ತಿರ ನಿಂತು ಒಂದು ಸಲ ಊದಿದೆ.

ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲಸಪ್ಪಳ. ಎಲ್ಲರೂ ಕೆಳಗೆ ಅಕ್ಕನ ಮನೆಯಲ್ಲೇ ಇದ್ದರು. ದಿನಾ ಬಂದು ಅಲ್ಲೇ ಕುಳಿತಿರುತ್ತಿದ್ದರಂತೆ, ಹಾಡದೆ, ಮೇಲಿನ ಸದ್ದು ಕೇಳುತ್ತ.

"ಸಿಂಗಲ್ ಹೊಡೆದ್ರಿ. ಅಂದ್ರೆ ನಿಲ್ಲಿಸು ಅಂತ. ನಿಲ್ಲಿಸಿದ್ವಿ" ಎಂದರು ಕಂಡಕ್ಟರು, ಏದುಸಿರು ಬಿಡುತ್ತ.

ದೊರೆ ಎಲ್ಲರನ್ನೂ ದಾಟಿ ಬಂದು ಕುರ್ಚಿಯ ಮೇಲೆ ಹತ್ತಿ ಕುಳಿತಿತು.

ನಾನು ಹೊಲಿಗೆ ಕೋಣೆಯ ಚಿಲಕ ತೆಗೆದೆ. ಬಾಗಿಲು ಊದಿಕೊಂಡಿತ್ತು, ಭುಜ ಕೊಡಬೇಕಾಯಿತು. ಯಾರೂ ಒಳಗೆ ಕಾಲಿಡಲಿಲ್ಲ. ಟೀಚರು ಮಾತ್ರ ನೀಲಿ ಬಟ್ಟೆ ನೋಡಿದ ಕೂಡಲೇ ಹೊಸಿಲ ಮೇಲೆ ಕುಳಿತುಬಿಟ್ಟರು.

"ಇದು ನಿಮ್ದಾ?" ಎಂದು ಕೇಳಿದೆ.

"ಹಾರ್ಮೋನಿಯಂ ಗವಸು" ಎಂದರು. "ನಾನೇ ಅವಸರ ಮಾಡಿದ್ದೆ. ಇವತ್ತೇ ಬೇಕು ಅಂದಿದ್ದೆ. ಅವರು ಮಧ್ಯಾಹ್ನ ಮಲಗೋದು ಬಿಟ್ಟು ಕೂತಿದ್ರು. ಆಮೇಲೆ ನಿಮ್ಮ ಮುಖ ನೋಡಿ ನಂದು ಅಂತ ಹೇಗೆ ಹೇಳಲಿ? ಅದಕ್ಕೇ ಹಾರ್ಮೋನಿಯಂ ತಂದು ಕೊಟ್ಟೆ. ನೋವಾಗಲಿ ಅಂತ. ಸಾಕಾಗಲಿಲ್ಲ."

"ಅವಳಿಗೆ ಯಾರು ಅವಸರ ಮಾಡಿದ್ರೂ ಒಂದೇ ಟೀಚರೇ. ಅವಳು ಮಧ್ಯಾಹ್ನ ಯಾವತ್ತೂ ಮಲಗಿದವಳಲ್ಲ" ಎಂದೆ. ಅದು ನಿಜವೇ. "ತಗೊಳ್ಳಿ, ನಿಮ್ಮ ಗವಸು."

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಹಾಗಾಗಲ್ಲ. ಹಾರ್ಮೋನಿಯಂ ದಾನ ಆಗಿದೆ. ಅದರ ಗವಸೂ ಅದರ ಜೊತೆಗೇ. ಅಂದ್ರೆ ನಿಮ್ದೇ. ಪಾತ್ರ ಕೊಡೋ ಹಾಗಿಲ್ಲ."

"ಡಾಕ್ಟ್ರೇ" ಎಂದೆ, "ಹಾಗಾದ್ರೆ ಪಾತ್ರನ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಈ ಕೋಣೆ ನಾನು ಕೊಟ್ಟೆ. ಹಾಡೋಕೆ. ನಿಮ್ಮ ಕುರ್ಚಿ ಆ ಗೋಡೆ ಕಡೆಗೆ ಹಾಕಿ, ಯಂತ್ರ ಮಾತ್ರ ಇಲ್ಲೇ ಇರಬೇಕು."

"ನೋವಾಗುತ್ತಾ?" ಎಂದು ಮೆಲ್ಲಗೆ ಕೇಳಿದರು.

"ದವಡೆ ಹಲ್ಲು" ಎಂದೆ.

ಅವರು ತಲೆಯಾಡಿಸಿದರು. ರೋಗಿಯ ಭುಜ ತಟ್ಟುವ ಹಾಗೆ ನನ್ನ ಭುಜ ತಟ್ಟಿದರು.

ಸ್ಟೂಲಿನ ಮೇಲೆ ಕುಳಿತೆ. ಸೂಜಿ ಎತ್ತಿದೆ. ಸಲೀಸಾಗಿ ಬರಲಿಲ್ಲ, ಚಕ್ರವನ್ನು ಹಿಂದೆ ಮುಂದೆ ಆಡಿಸಬೇಕಾಯಿತು. ಡಬ್ಬಿಯಿಂದ ಹೊಸ ಸೂಜಿ ಹಾಕಿದೆ. ಅವಳು ನಿಲ್ಲಿಸಿದ್ದು ಅಂಚಿನ ಮಧ್ಯದಲ್ಲಿ. ಅಲ್ಲಿಂದಲೇ ಶುರು ಮಾಡಿದೆ, ಕೈಯಲ್ಲಿ ಚಕ್ರ ತಿರುಗಿಸುತ್ತ. ಟೀಚರು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡರು. ಅವಳ ಹೊಲಿಗೆ ಗೆರೆ ಎಳೆದ ಹಾಗಿದೆ, ನನ್ನದು ದೊರೆ ನಡೆದ ಹಾಗೆ. ಎಲ್ಲಿ ಅವಳು ಮುಗಿಸಿ ಎಲ್ಲಿ ನಾನು ಶುರು ಮಾಡಿದೆನೆಂದು ಕುರುಡನಿಗೂ ಗೊತ್ತಾಗುತ್ತದೆ.

ಅಕ್ಕ ನೀರು ತಂದು ಪಕ್ಕದಲ್ಲಿಟ್ಟಳು. ಹೊಲಿಗೆ ನೋಡಿದಳು. ಏನೋ ಹೇಳಲು ಹೊರಟು ತುಟಿ ಕಚ್ಚಿಕೊಂಡಳು.

"ಹೇಳಕ್ಕ, ಪರವಾಗಿಲ್ಲ."

"ಸೊಟ್ಟ" ಎಂದಳು. ಎಷ್ಟು ದಿನದಿಂದ ತಡೆದಿದ್ದಳೋ, ಆಮೇಲೆ ನಿಲ್ಲಿಸಲೇ ಇಲ್ಲ.

ನೀರು ಕುಡಿದೆ. ಆಮೇಲೆ ಹಾಡಿದರು. ಟೀಚರು ಇವತ್ತು ಬಾಗಿಲಿಗೆ ಬೆನ್ನು ಹಾಕಲಿಲ್ಲ.

ಗವಸಿನ ಇನ್ನೊಂದು ಅಂಚು ಬಾಕಿ ಇದೆ. ಯಂತ್ರ ಕಿರುಗುಟ್ಟುತ್ತಿದೆ, ನಾಳೆ ಎಣ್ಣೆ ತರಬೇಕು.